ಧೂಳು ಯಾವುದು, ಬೆಳ್ಳಿ ಯಾವುದು?

ನಕಲು ತೆಗೆಯುವುದು ಯಂತ್ರದ ಕೆಲಸವೋ ಮನುಷ್ಯನ ಕೆಲಸವೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಪ್ರಶ್ನೆಯೇ ಅಲ್ಲ. ಯಂತ್ರವಿರುವುದೇ ಅದಕ್ಕಾಗಿ. ಗುಂಡಿ ಒತ್ತಿದರೆ ನಕಲು ಬರುತ್ತದೆ; ಒತ್ತಿದವನು ಸಜ್ಜನನೋ ದುರ್ಜನನೋ ಎಂದು ಅದು ವಿಚಾರಿಸುವುದಿಲ್ಲ. ಹೀಗೆಂದು ಹೇಳುವವರು ಬಹಳ ಮಂದಿ ಇದ್ದಾರೆ, ಮತ್ತು ಅವರ ಮಾತಿನಲ್ಲಿ ತಪ್ಪೂ ಕಾಣುವುದಿಲ್ಲ. ಆದರೆ ಹಳೆಯ ನೆಗೆಟಿವ್‌ಗಳನ್ನೂ ಸ್ಲೈಡುಗಳನ್ನೂ ಕಂಪ್ಯೂಟರಿಗೆ ಇಳಿಸುವುದಕ್ಕೆ ಒಂದು ಸ್ಕ್ಯಾನರನ್ನು ಆರಿಸಬೇಕಾಗಿ ಬಂದರೆ, ಅಂಗಡಿಯವನು ಕೇಳುವ ಒಂದೊಂದು ಪ್ರಶ್ನೆಯ ಹಿಂದೆಯೂ ಧರ್ಮಶಾಸ್ತ್ರದ ಒಂದೊಂದು ಪ್ರಶ್ನೆ ಮೆತ್ತಗೆ ಕುಳಿತಿರುವುದು ಗೊತ್ತಾಗುತ್ತದೆ. ಅದನ್ನೇ ಇಲ್ಲಿ ವಾಚಕರ ಮುಂದಿಡಬೇಕೆಂದಿದ್ದೇನೆ.

ಸಂದರ್ಭವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನನ್ನ ಸೋದರಮಾವನವರು ಕೊಳ್ಳೇಗಾಲದಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಮದುವೆ, ಮುಂಜಿ, ಶಾಲೆಯ ಗ್ರೂಪ್ ಫೋಟೋ, ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಚಿತ್ರ, ಇವು ಅವರ ಜೀವನೋಪಾಯ. ಹನೂರಿಗೂ ಯಳಂದೂರಿಗೂ ಬಸ್ಸಿನಲ್ಲಿ ಕ್ಯಾಮರಾ ಹೊತ್ತು ಹೋಗಿಬರುತ್ತಿದ್ದರು. ಹೊಟ್ಟೆಪಾಡಿಗಲ್ಲದೆ ತಮ್ಮ ಸಂತೋಷಕ್ಕೆಂದು ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ಶಿವನಸಮುದ್ರಗಳಲ್ಲಿ ಬಣ್ಣದ ಸ್ಲೈಡುಗಳನ್ನೂ ತೆಗೆದಿದ್ದರು. ಅವರು ಹೋದಮೇಲೆ ಸ್ಟುಡಿಯೋ ಹೋಯಿತು. ಒಂದು ತಗಡಿನ ಟ್ರಂಕು ಉಳಿಯಿತು. ಅದು ಈಗ ನನ್ನ ಪಾಲಿಗೆ ಬಂದಿದೆ.

ಆ ಟ್ರಂಕಿನಲ್ಲಿರುವ ಊರುಗಳು ಈಗಿನ ಊರುಗಳಲ್ಲ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಗ್ಗುಲಲ್ಲೇ ಇರುವ ಯಳಂದೂರಾದರೋ ಮೈಸೂರಿನದು; 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಹನೂರು ಬಹುಕಾಲ ಕೊಳ್ಳೇಗಾಲ ತಾಲ್ಲೂಕಿನ ಒಂದು ಭಾಗವಾಗಿತ್ತು. ಈಗ ಅದೇ ಒಂದು ತಾಲ್ಲೂಕು. ಮೂರನ್ನೂ ಒಳಗೊಂಡ ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಗಡಿಗಳು ಹೀಗೆ ಸರಿದಾಡಿದವು. ಆದರೆ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮುಂದೆ ಕುಳಿತ ನೇಕಾರ, ಯಳಂದೂರಿನ ಬಳೆ ಮಂಟಪಕ್ಕೆ ಒರಗಿ ನಿಂತ ಶಾಲಾ ಮಕ್ಕಳು, ಹನೂರಿನ ರಸ್ತೆಯಲ್ಲಿ ಮಾದಪ್ಪನ ಜಾತ್ರೆಗೆ ನಡೆದು ಹೊರಟ ಪರಸೆಯವರು, ಇವರೆಲ್ಲ ಫಿಲ್ಮಿನ ಮೇಲೆ ಇದ್ದಲ್ಲೇ ಇದ್ದಾರೆ.

ಇದ್ದಲ್ಲೇ ಇದ್ದರೂ ಬಹಳ ದಿನ ಇರುವಂತಿಲ್ಲ. ಟ್ರಂಕಿನ ಮುಚ್ಚಳ ತೆಗೆದರೆ ವಿನಿಗರಿನಂಥ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಹಳೆಯ ಫಿಲ್ಮಿನ ತಳಹದಿ ಅಸಿಟೇಟ್ ಎಂಬ ಪದಾರ್ಥ. ಸೆಕೆ ಮತ್ತು ತೇವದಲ್ಲಿ ಅದು ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಒಂದು ಕೊಳೆತ ಮಾವು ಬುಟ್ಟಿಯನ್ನೆಲ್ಲ ಕೊಳೆಸುವಂತೆ. ತಳಹದಿ ಕುಗ್ಗಿ, ಚಿತ್ರವಿರುವ ಜಿಲೆಟಿನ್ ಪದರ ಸುಕ್ಕುಗಟ್ಟುತ್ತದೆ. ಮಳೆಗಾಲದಲ್ಲಿ ಬೂಷ್ಟಿಗೂ ಆ ಜಿಲೆಟಿನ್ನೇ ಆಹಾರ. ಬಣ್ಣದ ಸ್ಲೈಡುಗಳಲ್ಲಿ ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಮಾಸುವುದರಿಂದ ಆಕಾಶ, ಮರ, ಮುಖ ಎಲ್ಲವೂ ಒಂದೇ ಕೆನ್ನೀಲಿ ಛಾಯೆಗೆ ತಿರುಗುತ್ತವೆ. 1935ರಲ್ಲಿ ಬಂದ ಕೊಡಕ್ರೋಮ್ ಎಂಬ ಸ್ಲೈಡ್ ಫಿಲ್ಮ್ ಮಾತ್ರ ಕತ್ತಲಲ್ಲಿಟ್ಟರೆ ಬಣ್ಣ ಬಿಡುವುದು ಬಹಳ ಕಡಮೆ. ಆದರೆ ಅದರ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ತೊಳೆಯುವ ಕಡೆಯ ಪ್ರಯೋಗಶಾಲೆಯೂ, ಅಮೆರಿಕದ ಕಾನ್ಸಾಸಿನಲ್ಲಿ, 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು. ಹಾಗಾಗಿ ನಕಲು ತೆಗೆಯಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಹೇಗೆ ತೆಗೆಯಬೇಕು ಎಂಬುದೇ ಪ್ರಶ್ನೆ.

ನನ್ನ ತಮ್ಮನ ಮಗನಿಗೆ ಇದೂ ಪ್ರಶ್ನೆಯಲ್ಲ. "ದೊಡ್ಡಪ್ಪ, ಒಂದು ಬೆಳಕಿನ ಹಲಗೆ ಇಟ್ಟು ಮೇಲಿಂದ ಫೋನಿನಲ್ಲಿ ಹಿಡಿದುಬಿಡಿ. ಉಳಿದದ್ದನ್ನು ಆಪ್ ನೋಡಿಕೊಳ್ಳುತ್ತೆ. ಒಂದು ಭಾನುವಾರದ ಕೆಲಸ" ಎಂದ. ಅವನು ಹೇಳಿದ ವಿಧಾನವನ್ನು ತಳ್ಳಿಹಾಕುವಂತಿಲ್ಲ. ಫೋನಿನ ಬದಲು ಒಳ್ಳೆಯ ಕ್ಯಾಮರಾಕ್ಕೆ ಮ್ಯಾಕ್ರೋ ಲೆನ್ಸ್ ಹಾಕಿ, ಅಲುಗಾಡದ ಸ್ಟ್ಯಾಂಡಿನ ಮೇಲೆ ಕೂರಿಸಿದರೆ ದೊಡ್ಡ ಸಂಗ್ರಹಾಲಯಗಳಲ್ಲಿಯೂ ಇದೇ ಕ್ರಮ. ಒಂದು ಚಿತ್ರಕ್ಕೆ ಹತ್ತು ಸೆಕೆಂಡು ಹಿಡಿದರೆ ಸಾವಿರ ಚಿತ್ರಕ್ಕೆ ಮೂರು ಗಂಟೆಯೂ ಆಗುವುದಿಲ್ಲ. ನನ್ನನ್ನು ತಡೆದದ್ದು ಅವನ ಎರಡನೆಯ ವಾಕ್ಯ. ಉಳಿದದ್ದನ್ನು ಆಪ್ ನೋಡಿಕೊಳ್ಳುತ್ತದೆ! ಉಳಿದದ್ದು ಎಂದರೆ ಏನು? ಅದನ್ನು ನೋಡಿಕೊಳ್ಳುವ ಅಧಿಕಾರ ಅದಕ್ಕೆ ಕೊಟ್ಟವರು ಯಾರು?

ಇರಲಿ. ಪೇಟೆಯಲ್ಲಿ ಸಿಕ್ಕುವ ಸ್ಕ್ಯಾನರುಗಳ ಜಾತಿ ಎರಡು. ಒಂದು, ಹಾಸುಗಲ್ಲಿನಂತೆ ಚಪ್ಪಟೆಯಾದದ್ದು. ಎಪ್ಸನ್ ಕಂಪನಿಯ ಪರ್ಫೆಕ್ಷನ್ ಸಾಲಿನ ಕೆಲವು ಮಾದರಿಗಳಂತೆ ಮುಚ್ಚಳದಲ್ಲಿಯೂ ದೀಪವಿದ್ದು, ಫಿಲ್ಮಿನ ಮೂಲಕ ಬೆಳಕು ಹಾಯಿಸುವಂಥದು. ಇದರಲ್ಲಿ ಸ್ಟುಡಿಯೋದ ದೊಡ್ಡ ನೆಗೆಟಿವನ್ನೂ ಸಣ್ಣದನ್ನೂ ಇಡಬಹುದು. ಇನ್ನೊಂದು, ಪ್ಲಸ್ಟೆಕ್ ಕಂಪನಿಯ ಆಪ್ಟಿಕ್‌ಫಿಲ್ಮ್‌ನಂತೆ, ಫಿಲ್ಮಿಗೆಂದೇ ಹುಟ್ಟಿದ್ದು. ಅವುಗಳಲ್ಲಿ ಹೆಚ್ಚಿನವು 35 ಮಿಲಿಮೀಟರಿನ ಫಿಲ್ಮನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ಈ ಜಾತಿಯಲ್ಲಿ ಹೆಸರಾಗಿದ್ದ ನಿಕಾನ್ ಕೂಲ್‌ಸ್ಕ್ಯಾನ್ ತಯಾರಿಕೆ ನಿಂತು ಬಹಳ ವರ್ಷಗಳಾದುವು. ಬೇಕೆಂದವರು ಹಳೆಯದನ್ನೇ ಹುಡುಕಿ ಕೊಳ್ಳಬೇಕು. ಒಂದು ಚಿತ್ರಕ್ಕೆ ನಾಲ್ಕು ನಿಮಿಷ ಹಿಡಿಯಿತೆನ್ನಿ, ಸಾವಿರ ಚಿತ್ರಕ್ಕೆ ಸುಮಾರು 67 ಗಂಟೆ. ದಿನಕ್ಕೆ ಎರಡು ಗಂಟೆ ಕುಳಿತರೂ ಒಂದು ತಿಂಗಳು ದಾಟುತ್ತದೆ. ಒಂದು ಭಾನುವಾರಕ್ಕೂ ಒಂದು ತಿಂಗಳಿಗೂ ಇರುವ ವ್ಯತ್ಯಾಸ ಬರಿಯ ಕಾಲದ್ದಲ್ಲ. ನಾಲ್ಕು ನಿಮಿಷ ಎದುರಿಗಿರುವ ಮುಖವನ್ನು ನಾವು ನೋಡಿಯೇ ನೋಡುತ್ತೇವೆ. ಹತ್ತು ಸೆಕೆಂಡಿನಲ್ಲಿ ಹಾದುಹೋಗುವುದನ್ನು ಲೆಕ್ಕ ಹಾಕುತ್ತೇವೆ, ಅಷ್ಟೆ.

ಅಂಗಡಿಯವನ ಮೊದಲ ಪ್ರಶ್ನೆ: ಅಂಗುಲಕ್ಕೆ ಎಷ್ಟು ಚುಕ್ಕೆ ಬೇಕು? 35 ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಚಿತ್ರದ ಅಳತೆ 24 ಮಿಲಿಮೀಟರಿಗೆ 36. ಅಂಗುಲಕ್ಕೆ 2400 ಚುಕ್ಕೆಯಂತೆ ಓದಿದರೆ ಸುಮಾರು 77 ಲಕ್ಷ ಚುಕ್ಕೆಗಳ ಚಿತ್ರ. 4000ದಂತೆ ಓದಿದರೆ ಸುಮಾರು 2 ಕೋಟಿ 14 ಲಕ್ಷ. ಏನನ್ನೂ ಕಳೆಯದೆ ಪೂರ್ಣ ಬಣ್ಣದಲ್ಲಿ ಇಟ್ಟರೆ ಈ ಎರಡನೆಯದೊಂದೇ 128 ಮೆಗಾಬೈಟ್ ಜಾಗ ತಿನ್ನುತ್ತದೆ. ಪೆಟ್ಟಿಗೆಯ ಮೇಲೆ 6400 ಎಂದೂ ಅಚ್ಚುಹಾಕಿರುತ್ತಾರೆ; ಚಪ್ಪಟೆ ಸ್ಕ್ಯಾನರು ನಿಜವಾಗಿ ಬಿಡಿಸಿ ತೋರಿಸುವ ವಿವರ ಅದರ ಅರ್ಧಕ್ಕಿಂತಲೂ ಕಡಮೆ. ಉಳಿದ ಚುಕ್ಕೆಗಳು ಇಲ್ಲದ ಸಂಗತಿಯನ್ನು ದೊಡ್ಡದಾಗಿ ಹೇಳುವ ಚುಕ್ಕೆಗಳು. ಕಾಣದ್ದನ್ನು ಕಂಡೆ ಎನ್ನದಿರುವುದು ಸಾಕ್ಷಿಗೆ ಇರಬೇಕಾದ ಮೊದಲ ಗುಣ, ಸ್ಕ್ಯಾನರಿಗೂ ಅದೇ. ಇದಕ್ಕಿಂತ ಹೆಚ್ಚಾಗಿ ಈ ಸಂಖ್ಯೆಗಳ ಮೇಲೆ ನಿಲ್ಲಬೇಕಾಗಿಲ್ಲ. ನಿಲ್ಲಬೇಕಾದ ಜಾಗಗಳು ಬೇರೆ ಇವೆ: ಚಿತ್ರದ ಅಂಚು, ಚಿತ್ರದ ನೆರಳು, ಚಿತ್ರದ ಮೇಲಿನ ಧೂಳು.

ಮೊದಲು ಅಂಚು. ಸ್ಕ್ಯಾನರಿನ ಜೊತೆ ಬರುವ ಪ್ಲಾಸ್ಟಿಕ್ ಚೌಕಟ್ಟುಗಳು ಸಾಮಾನ್ಯವಾಗಿ ಚಿತ್ರದ ಅಂಚನ್ನು ಸುತ್ತಲೂ ಕೂದಲೆಳೆಯಷ್ಟು ಮುಚ್ಚುತ್ತವೆ. ಅದರಿಂದ ಏನು ನಷ್ಟ ಎಂದು ಕೇಳಬಹುದು. ಸ್ಟುಡಿಯೋದವರು ಪ್ರಿಂಟ್ ಹಾಕುವಾಗ ಬೇಡದ್ದನ್ನೆಲ್ಲ ಅಂಚಿಗೆ ತಳ್ಳಿ ಕತ್ತರಿಸುತ್ತಿದ್ದರು. ಪ್ರಿಂಟಿನಲ್ಲಿ ಕಾಣುವುದು ಕಂಬ, ಹೂಕುಂಡ, ಸರೋವರಗಳ ಪರದೆಯ ಮುಂದೆ ಕುಳಿತ ದಂಪತಿಗಳು. ನೆಗೆಟಿವಿನಲ್ಲಿ ಪರದೆ ಮುಗಿಯುತ್ತದೆ; ಸುಣ್ಣ ಉದುರಿದ ಗೋಡೆ ಕಾಣುತ್ತದೆ; ಪರದೆ ಹಾರದಂತೆ ಹಿಡಿದುಕೊಂಡ ಒಬ್ಬ ಹುಡುಗನ ಮುಂಗೈ ಕಾಣುತ್ತದೆ. ತೊಟ್ಟಿಲ ಪ್ರಾಯದ ಮಗುವಿನ ಚಿತ್ರವಾದರೆ, ಮಗು ಬೀಳದಂತೆ ಹಿಂದಿನಿಂದ ಆತುಕೊಂಡ ತಾಯಿಯ ಬಳೆಗೈ ಅಂಚಿನಲ್ಲಿರುತ್ತದೆ. ಫಿಲ್ಮಿನ ಇನ್ನೂ ಹೊರ ಅಂಚಿನಲ್ಲಿ ತಯಾರಕರ ಹೆಸರೂ ಚಿತ್ರದ ಕ್ರಮಸಂಖ್ಯೆಯೂ ಇರುತ್ತವೆ. ಪೂರ್ವ ಜರ್ಮನಿಯ ಆರ್ವೊ ಯಾವುದು, 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾಗಿ ಈಗ ಮುಚ್ಚಿಹೋಗಿರುವ ಸರ್ಕಾರಿ ಕಾರ್ಖಾನೆಯ 'ಇಂದು' ಫಿಲ್ಮ್ ಯಾವುದು, ಯಾವ ಚಿತ್ರದ ಹಿಂದೆ ಯಾವುದನ್ನು ತೆಗೆದರು, ಇದನ್ನೆಲ್ಲ ತಿಳಿಯಲು ಅಂಚೇ ಆಧಾರ. ಹಾಗಾಗಿ ಅಂಚನ್ನು ತಿನ್ನದ ಚೌಕಟ್ಟು ಬೇಕು. ಪರದೆ ಹಿಡಿದ ಹುಡುಗನನ್ನು ಒಮ್ಮೆ ಕತ್ತರಿಸಿದ್ದಾಗಿದೆ. ಇನ್ನೊಮ್ಮೆ ಕತ್ತರಿಸುವುದಕ್ಕೆ ನಮಗೆ ಕಾರಣವಿಲ್ಲ.

ಎರಡನೆಯದು ನೆರಳು. ಸ್ಲೈಡಿನ ಗಾಢವಾದ ಭಾಗದಲ್ಲಿ ಬಿದ್ದ ಬೆಳಕಿನ ಸಾವಿರದಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಮೆ, ಆಚೆಗೆ ದಾಟುತ್ತದೆ. ಅಷ್ಟು ಕ್ಷೀಣವಾದ ಬೆಳಕಿನಲ್ಲಿಯೂ ಒಂದು ಕಪ್ಪಿಗೂ ಇನ್ನೊಂದು ಕಪ್ಪಿಗೂ ಭೇದ ಕಾಣುವ ಸ್ಕ್ಯಾನರಿಗೆ ಬೆಲೆ ಹೆಚ್ಚು. ಅಗ್ಗದ್ದು ಎಲ್ಲವನ್ನೂ ಒಂದೇ ಮಸಿ ಮಾಡಿಬಿಡುತ್ತದೆ.

ಟ್ರಂಕಿನಲ್ಲಿ 1971 ಎಂದು ಚೌಕಟ್ಟಿನ ಮೇಲೆ ಬರೆದ ಒಂದು ಸ್ಲೈಡ್ ಇದೆ. ಬಿಳಿಗಿರಿರಂಗನ ಬೆಟ್ಟದ ಕಾಡಿನ ಒಳಗಿನದು. ಹುಲ್ಲಿನ ಗುಡಿಸಿಲ ಮುಂದೆ, ಬಿಸಿಲಿನಲ್ಲಿ, ಬಿಳಿಯ ಷರಟಿನ ಮೂವರು ಪೇಟೆಯ ಗೃಹಸ್ಥರು ನಿಂತಿದ್ದಾರೆ. ಅವರ ಹಿಂದೆ ಬಾಗಿಲು, ಬಾಗಿಲಲ್ಲಿ ಕತ್ತಲೆ. ಚಪ್ಪಟೆ ಸ್ಕ್ಯಾನರಿನಲ್ಲಿ ಅದು ಕತ್ತಲೆಯಾಗಿಯೇ ಬಂತು. ಸ್ನೇಹಿತರೊಬ್ಬರ ಬಳಿ ಇದ್ದ ಫಿಲ್ಮ್ ಸ್ಕ್ಯಾನರಿನಲ್ಲಿ ನಿಧಾನವಾಗಿ ಓದಿಸಿದಾಗ ಆ ಕತ್ತಲೆಯಲ್ಲಿ ಒಬ್ಬ ಹೆಂಗಸು, ಅವಳ ಸೊಂಟದ ಮೇಲೆ ಒಂದು ಮಗು. ಇಬ್ಬರೂ ನೇರವಾಗಿ ನಮ್ಮನ್ನೇ ನೋಡುತ್ತಿದ್ದರು.

ಆ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಒಳಕಾಡಿನ ಪೋಡುಗಳಲ್ಲಿದ್ದ ಸೋಲಿಗರನ್ನು ಹೊರಗೆ ತಂದು ಕೂರಿಸಿದರು. ಅವರ ಸಮುದಾಯದ ಅರಣ್ಯ ಹಕ್ಕನ್ನು ಸರ್ಕಾರ ಮಾನ್ಯ ಮಾಡಿದ್ದು 2011ರಲ್ಲಿ. ನಡುವೆ 37 ವರ್ಷ ಕಳೆದಿತ್ತು. ಆ ಸ್ಲೈಡಿನ ಒಂದು ದೊಡ್ಡ ಪ್ರಿಂಟನ್ನು ಬೆಟ್ಟದ ಒಂದು ಪೋಡಿಗೆ ತೆಗೆದುಕೊಂಡು ಹೋಗಿ ಒಬ್ಬ ಹಿರಿಯರ ಕೈಗೆ ಕೊಟ್ಟೆ. ಅವರು ಹೆಂಗಸನ್ನು ಗುರುತಿಸಲಿಲ್ಲ. ಗುಡಿಸಿಲ ಹಿಂದಿನ ಬಂಡೆಯನ್ನು ಗುರುತಿಸಿದರು. "ಇದು ನಮ್ಮ ಹಳೇ ಪೋಡು ಕಣಪ್ಪ" ಎಂದರು. ಬಹಳ ಹೊತ್ತು ನೋಡಿ, ಬಿಸಿಲಿನಲ್ಲಿ ನಿಂತವರ ಮೇಲೆ ಬೆರಳಿಟ್ಟು, "ಈ ಮೂರು ಜನ ಯಾರು?" ಎಂದು ಕೇಳಿದರು. ನಮ್ಮ ಕಡೆಯಿಂದ ನೋಡಿದರೆ ಚಿತ್ರವೇ ಆ ಮೂವರದು, ಉಳಿದದ್ದು ಹಿನ್ನೆಲೆ. ಅವರ ಕಡೆಯಿಂದ ನೋಡಿದರೆ ಮೂವರು ಅಪರಿಚಿತರು ಮನೆಗೆ ಅಡ್ಡ ನಿಂತಿದ್ದಾರೆ. ನಕಲು ಮಾಡುವವನು ಯಾವ ಕಡೆಯವನು? ಎರಡೂ ಕಡೆಯವನಾಗಿರಬೇಕೆಂದರೆ ನೆರಳಿನಲ್ಲಿರುವುದನ್ನು ಕಾಣಬಲ್ಲ ಯಂತ್ರವೇ ಬೇಕು. ಇಲ್ಲಿ ಹೆಚ್ಚಿನ ಬೆಲೆ ಕೊಡುವುದು ಷೋಕಿಯಲ್ಲ.

ಮೂರನೆಯದು ಧೂಳು. ಇದೇ ನನಗೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ವಿಷಯ. ಒಳ್ಳೆಯ ಸ್ಕ್ಯಾನರುಗಳಲ್ಲಿ ಧೂಳನ್ನೂ ಗೀರನ್ನೂ ತಾನಾಗಿಯೇ ಅಳಿಸುವ ಒಂದು ಏರ್ಪಾಡು ಇರುತ್ತದೆ. ಅದರ ಉಪಾಯ ಬಹಳ ಸೊಗಸಾದದ್ದು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನು ಫಿಲ್ಮಿನ ಮೂಲಕ ಹಾಯಿಸುತ್ತಾರೆ. ಬಣ್ಣದ ಫಿಲ್ಮಿನಲ್ಲಿ ಚಿತ್ರವಾಗಿ ಉಳಿದಿರುವುದು ಬರಿಯ ಬಣ್ಣ. ಆ ಕಿರಣಕ್ಕೆ ಬಣ್ಣ ಅಡ್ಡಿಯಲ್ಲ, ಗಾಜಿನಂತೆ ದಾಟಿಹೋಗುತ್ತದೆ. ಧೂಳು ಮಾತ್ರ ಅಡ್ಡ ನಿಲ್ಲುತ್ತದೆ. ಎಲ್ಲಿ ಕಿರಣ ನಿಂತಿತೋ ಅಲ್ಲಿ ಧೂಳಿದೆ ಎಂದು ಯಂತ್ರ ತಿಳಿದು, ಸುತ್ತಲಿನ ಬಣ್ಣದಿಂದ ಆ ಜಾಗವನ್ನು ತುಂಬುತ್ತದೆ.

ಆದರೆ ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಚಿತ್ರವಾಗಿರುವುದು ಬೆಳ್ಳಿ. ನಿಜವಾದ ಬೆಳ್ಳಿಯ ಕಣಗಳು. ಬೆಳ್ಳಿ ಆ ಕಿರಣವನ್ನು ದಾಟಗೊಡುವುದಿಲ್ಲ. ಆದುದರಿಂದ ಯಂತ್ರಕ್ಕೆ ಬೆಳ್ಳಿಯೇ ಧೂಳಾಗಿ ಕಾಣುತ್ತದೆ. ಏರ್ಪಾಡನ್ನು ಹಾಗೆಯೇ ಬಿಟ್ಟರೆ ಅದು ಶುಚಿ ಮಾಡುತ್ತೇನೆಂಬ ಸದುದ್ದೇಶದಿಂದಲೇ ಚಿತ್ರವನ್ನು ಒರಸಲು ಹೊರಡುತ್ತದೆ. ಮುಖದ ಗೆರೆಗಳು ಕರಗಿ ಮೇಣದಂತಾಗುತ್ತವೆ. ಕೊಡಕ್ರೋಮಿನಲ್ಲಿಯೂ ಎಷ್ಟೋ ವೇಳೆ ಇದೇ ತೊಂದರೆ. ಯಂತ್ರವನ್ನು ಬೈದು ಪ್ರಯೋಜನವಿಲ್ಲ. ನನ್ನ ಅಳತೆಗೆ ಅಡ್ಡ ಬಂದದ್ದೆಲ್ಲ ಕೊಳೆ ಎಂದು ತಿಳಿಯುವುದು ಮನುಷ್ಯರಲ್ಲಿಯೂ ಅಪರೂಪವಲ್ಲ. ಒಂದು ಕಾಲದ ನಡೆನುಡಿಯನ್ನು ಇನ್ನೊಂದು ಕಾಲದವರು ಶುಚಿ ಮಾಡಲು ಹೊರಟಾಗ, ಧೂಳಿನ ಜೊತೆಗೆ ಎಷ್ಟು ಬೆಳ್ಳಿ ಹೋಯಿತೆಂಬುದನ್ನು ಲೆಕ್ಕ ಇಟ್ಟವರಿಲ್ಲ.

ಧೂಳೂ ಅಲ್ಲ, ಬೆಳ್ಳಿಯೂ ಅಲ್ಲ ಎನ್ನುವಂಥ ಒಂದು ವಸ್ತುವೂ ಈ ನೆಗೆಟಿವ್‌ಗಳ ಮೇಲಿದೆ. ಅದು ಸೀಸದ ಕಡ್ಡಿಯ ಗುರುತು. ಹಿಂದೆ ಸ್ಟುಡಿಯೋಗಳಲ್ಲಿ ನೆಗೆಟಿವನ್ನು ಬೆಳಕಿಗೆ ಒಡ್ಡಿ, ಚೂಪಾಗಿ ಕೆತ್ತಿದ ಪೆನ್ಸಿಲಿನಿಂದ ಮುಖದ ಕಲೆಗಳ ಮೇಲೆ ಸಣ್ಣ ಸಣ್ಣ ಚುಕ್ಕೆ ಇಡುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಭಾರತದಲ್ಲಿ ಸಿಡುಬು ತೊಲಗಿತೆಂದು ಘೋಷಣೆಯಾದದ್ದು 1977ರಲ್ಲಿ. ಅದಕ್ಕೆ ಹಿಂದಿನ ತಲೆಮಾರಿನ ಎಷ್ಟೋ ಮುಖಗಳ ಮೇಲೆ ಅದರ ಗುಳಿಗಳಿದ್ದವು. ವರನ ಕಡೆಯವರಿಗೆ ಕಳಿಸುವ ಹೆಣ್ಣಿನ ಚಿತ್ರವೆಂದರಂತೂ ಪೆನ್ಸಿಲಿಗೆ ಬಿಡುವಿಲ್ಲ. ಮೈಬಣ್ಣವನ್ನೂ ಒಂದು ಮೆಟ್ಟಿಲು ಏರಿಸುವುದು ವಾಡಿಕೆ. ಸ್ಕ್ಯಾನರಿನ ಕಣ್ಣಿಗೆ ಗುಳಿಯೂ ಕಾಣುತ್ತದೆ, ಅದನ್ನು ಮುಚ್ಚಿದ ಪೆನ್ಸಿಲೂ ಕಾಣುತ್ತದೆ. ಯಾವುದನ್ನು ಉಳಿಸುವುದು? ಮುಖ ಸತ್ಯ, ಪೆನ್ಸಿಲು ಸುಳ್ಳು ಎಂದು ಒಬ್ಬರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಆ ಹುಡುಗಿಗೆ ಸಿಡುಬಾಗಿದ್ದದ್ದು ಎಷ್ಟು ನಿಜವೋ, ಅದರಿಂದ ಅವಳ ಮದುವೆ ತಪ್ಪದಿರಲಿ ಎಂದು ಒಬ್ಬಾತ ರಾತ್ರಿ ದೀಪದ ಮುಂದೆ ಕುಳಿತು ಚುಕ್ಕೆ ಇಟ್ಟದ್ದೂ ಅಷ್ಟೇ ನಿಜ. ಅವಳನ್ನು ಅವಳಿದ್ದಂತೆ ಒಪ್ಪದಿದ್ದ ಸಮಾಜವೂ ಆ ಚುಕ್ಕೆಗಳಲ್ಲಿ ಇದೆ. ಮೂರನ್ನೂ ಹಾಗೆಯೇ ಉಳಿಸಬೇಕು.

ಇನ್ನು ಬಣ್ಣ ಹಚ್ಚುವ ಯಂತ್ರಗಳ ವಿಷಯ. ಈಗಿನ ಕೃತಕ ಬುದ್ಧಿಮತ್ತೆ ಕಪ್ಪು ಬಿಳುಪಿನ ಚಿತ್ರಕ್ಕೆ ಕ್ಷಣಮಾತ್ರದಲ್ಲಿ ಬಣ್ಣ ತುಂಬುತ್ತದೆ. ಮಸುಕಾದ ಕಣ್ಣಿಗೆ ಹೊಸ ರೆಪ್ಪೆ ಮೂಡಿಸುತ್ತದೆ. ನನ್ನ ಸೋದರತ್ತೆಯವರ ಮದುವೆಯ ಚಿತ್ರವೊಂದನ್ನು ತಮ್ಮನ ಮಗ ಅದಕ್ಕೆ ಒಪ್ಪಿಸಿ ಅವರಿಗೆ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದ್ಯಾರ ಸೀರೆಯೋ? ನನ್ನದು ಕೊಳ್ಳೇಗಾಲದ್ದು, ಗಿಳಿಹಸಿರು. ಅಂಚು ಅರಗಿನ ಕೆಂಪು. ಇಲ್ಲಿ ನೀಲಿ ಉಡಿಸಿದ್ದೀಯಲ್ಲೋ!" ಎಂದರು. ಯಂತ್ರದ ತಪ್ಪೇನೂ ಇಲ್ಲ. ಹಸಿರೂ ಕೆಂಪೂ ಫಿಲ್ಮಿನಲ್ಲಿ ಒಂದೇ ಬೂದಿ ಬಣ್ಣವಾಗಿ ಬಂದಿರಬಹುದು. ಇನ್ನೂ ಹಳೆಯ ಫಿಲ್ಮಿನ ಕೆಲವು ಬಗೆಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲವಾದ್ದರಿಂದ ಹಣೆಯ ಕುಂಕುಮ ಮಸಿಯ ಬೊಟ್ಟಿನಂತೆ ಬೀಳುತ್ತಿತ್ತು. ಬೂದಿಯಿಂದ ಬಣ್ಣಕ್ಕೆ ಹಿಂದಿರುಗುವ ದಾರಿಯಿಲ್ಲ. ಯಂತ್ರ ಊಹಿಸುತ್ತದೆ, ಊಹಿಸಿದೆನೆಂದು ಹೇಳುವುದಿಲ್ಲ. ಅತ್ತೆಯವರು ಇರುವವರೆಗೆ ಗಿಳಿಹಸಿರಿಗೆ ಒಬ್ಬರು ಸಾಕ್ಷಿ ಇದ್ದಾರೆ. ಆಮೇಲೆ ನೀಲಿಯೇ ಇತಿಹಾಸವಾಗುತ್ತದೆ. ಹಾಗಾಗಬಾರದೆಂದು ಚಿತ್ರವನ್ನು ಬೂದಿಯಲ್ಲೇ ಬಿಟ್ಟು, ಪಕ್ಕದಲ್ಲಿ ಅವರ ಮಾತನ್ನು ಅಕ್ಷರದಲ್ಲಿ ಬರೆದಿಟ್ಟೆವು.

ಈ ಪ್ರಶ್ನೆಗಳು ಸ್ಕ್ಯಾನರಿನೊಂದಿಗೆ ಹುಟ್ಟಿದವಲ್ಲ. ಯಳಂದೂರಿನ ಹೆಸರು ಹೇಳಿದರೆ ಸಾಹಿತ್ಯ ಬಲ್ಲವರಿಗೆ ಇಬ್ಬರು ನೆನಪಾಗುತ್ತಾರೆ: 'ರಾಜಶೇಖರ ವಿಲಾಸ'ದ ಷಡಕ್ಷರ ದೇವ, 'ಹದಿಬದೆಯ ಧರ್ಮ'ದ ಸಂಚಿ ಹೊನ್ನಮ್ಮ. ಇಬ್ಬರೂ 17ನೆಯ ಶತಮಾನದವರು. ಅವರ ಕೃತಿಗಳು ಅಚ್ಚಿನ ಕಾಲದವರೆಗೆ ಬಂದು ಮುಟ್ಟಿದ್ದು ಓಲೆಯಿಂದ ಓಲೆಗೆ ನಕಲು ಮಾಡಿದ ಹೆಸರಿಲ್ಲದ ಬರೆಹಗಾರರಿಂದ. ಓಲೆಗೂ ಆಯುಸ್ಸು ಇಷ್ಟೆಂದು ಇದೆ. ಹುಳು, ಗೆದ್ದಲು, ತೇವ ಬಿಡುವುದಿಲ್ಲ. ಹಳೆಯದು ಜೀರ್ಣವಾಗುವ ಮೊದಲು ಹೊಸದಕ್ಕೆ ಇಳಿಸಬೇಕು. ಹಾಗೆ ಇಳಿಸಿದವನು ಪ್ರತಿಯ ಕೊನೆಯಲ್ಲಿ ಎರಡು ಮಾತು ಬರೆಯುವ ವಾಡಿಕೆ ಇತ್ತು: ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಿ. ಇದು ಬರಿಯ ವಿನಯವೆಂದು ಕೆಲವರು ತಿಳಿಯುತ್ತಾರೆ. ನನಗೆ ಅದು ನಕಲಿನ ಧರ್ಮಸೂತ್ರವೆಂದೇ ತೋರುತ್ತದೆ. ಮೊದಲ ಮಾತಿನಲ್ಲಿ ಕೈಯ ಸಂಯಮವಿದೆ. ಎರಡನೆಯ ಮಾತಿನಲ್ಲಿ ಮುಂದಿನವರು ನನಗಿಂತ ಬಲ್ಲವರಾಗಿರಬಹುದು ಎಂಬ ಮರ್ಯಾದೆಯಿದೆ. ತಾನೇ ತಿದ್ದಿ, ತಿದ್ದಿದ್ದನ್ನು ಹೇಳದೆ ಬಿಟ್ಟವನು ಮುಂದಿನವರ ಆ ಅವಕಾಶವನ್ನು ಕಿತ್ತುಕೊಂಡಂತಾಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಕಂಡದ್ದನ್ನೆಲ್ಲ ಕಂಡಂತೆ ಉಳಿಸಬೇಕೆಂದಾದರೆ, ಚಿತ್ರದಲ್ಲಿರುವವರ ಮಾನದ ಗತಿಯೇನು? ಪೆನ್ಸಿಲಿನ ಕೆಳಗಿನ ಮುಖವನ್ನು ಲೋಕಕ್ಕೆ ತೋರಿಸಬೇಡಿ ಎಂದೇ ಅಲ್ಲವೆ ಆ ಹುಡುಗಿ ಕೇಳಿಕೊಂಡದ್ದು? ಈ ಆಕ್ಷೇಪಣೆ ದೊಡ್ಡದು. ಹನೂರಿನ ಕಾಡಂಚಿನ ಊರುಗಳನ್ನು ನೆನೆದರೆ ಇನ್ನೂ ದೊಡ್ಡದಾಗುತ್ತದೆ. ವೀರಪ್ಪನ್ ಹುಟ್ಟಿದ ಗೋಪಿನಾಥಂ ಆ ಕಡೆಯದೇ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆಯಾಯಿತು. 2004ರಲ್ಲಿ ವೀರಪ್ಪನ್ ಸತ್ತ. ನಡುವಿನ ವರ್ಷಗಳಲ್ಲಿ ಆ ಊರುಗಳ ಬಡವರು ಎರಡು ಕಡೆಯ ಭಯದ ನಡುವೆ ಬದುಕಿದರು. ಕಾರ್ಯಪಡೆಗಳ ಮೇಲಿನ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಅಂಥ ಕಾಲದಲ್ಲಿ ಮದುವೆಯ ಗುಂಪಿನಲ್ಲಿ ಯಾರ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದು ಸಣ್ಣ ಸಂಗತಿಯಲ್ಲ. ನೆಗೆಟಿವಿಗೆ ಅಂಥ ಕೇಡಿನ ಅರಿವಿಲ್ಲ. ಅದನ್ನು ಎತ್ತಿ ಬೆಳಕಿಗೆ ಹಿಡಿಯುವವನಿಗೆ ಇರಬೇಕು.

ಉತ್ತರ ನನಗೆ ಕಾಣುವುದು ಹೀಗೆ. ಉಳಿಸುವುದು ಬೇರೆ, ತೋರಿಸುವುದು ಬೇರೆ. ಇವೆರಡೂ ಹಿಂದಿನವರಿಗೆ ಬೇರೆ ಬೇರೆಯಾಗಿಯೇ ಇದ್ದವು. ನೆಗೆಟಿವ್ ಟ್ರಂಕಿನಲ್ಲಿ, ಪ್ರಿಂಟು ಗೋಡೆಯ ಮೇಲೆ. ನಮ್ಮ ಕಾಲದ ಸೌಕರ್ಯ ಅವೆರಡರ ನಡುವಿನ ಬಾಗಿಲನ್ನೇ ತೆಗೆದುಹಾಕಿದೆ. ಸ್ಕ್ಯಾನ್ ಆದ ಮರುಕ್ಷಣದಲ್ಲಿ ಚಿತ್ರ ವಾಟ್ಸಾಪಿನ ಕುಟುಂಬದ ಗುಂಪಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಬೇಕಾದರೂ. ಉಳಿಸುವಾಗ ಏನನ್ನೂ ಬಿಡಬಾರದು; ಅಲ್ಲಿ ದಾಕ್ಷಿಣ್ಯ ಸಲ್ಲದು. ತೋರಿಸುವಾಗ ಚಿತ್ರದಲ್ಲಿರುವವರ ಒಪ್ಪಿಗೆ, ಅವರಿಲ್ಲದಿದ್ದರೆ ಅವರ ಮನೆಯವರ ಒಪ್ಪಿಗೆ, ಅದೂ ತಿಳಿಯದಿದ್ದರೆ ನಮ್ಮ ನಾಚಿಕೆ, ಇಷ್ಟು ಕಾವಲು ಇರಬೇಕು. ಸಿಡುಬಿನ ಹುಡುಗಿಯ ನೆಗೆಟಿವ್ ಪೆನ್ಸಿಲಿನೊಡನೆ ಹಾಗೆಯೇ ಇರುತ್ತದೆ; ಯಾರಿಗಾದರೂ ಕೊಡುವಾಗ ಅವಳು ಬಯಸಿದ್ದ ಪ್ರಿಂಟನ್ನೇ ಕೊಡುತ್ತೇನೆ. ಮತ್ತು ತೋರಿಸಬೇಕಾದ ಮೊದಲ ಜನ ಚಿತ್ರದಲ್ಲಿರುವವರೇ. ನೇಕಾರನ ಚಿತ್ರ ಮೊದಲು ನೇಕಾರನ ಮನೆಗೆ, ಪೋಡಿನ ಚಿತ್ರ ಪೋಡಿಗೆ. ಆಮೇಲೆ ಪ್ರದರ್ಶನ, ಪುಸ್ತಕ ಇವೇ ಮೊದಲಾದುವು.

ಕಡೆಯದಾಗಿ, ನಕಲಾದಮೇಲೆ ಮೂಲವನ್ನೇನು ಮಾಡುವುದು? ಜೀರ್ಣವಾದ ಓಲೆಗಳನ್ನು ಹೊಳೆಗೆ ಬಿಡುವ ರೂಢಿ ನಮ್ಮಲ್ಲಿ ಇತ್ತು. ಈಗಿನವರು ಕಸದ ಗಾಡಿಗೆ ಹಾಕಲು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನೆಗೆಟಿವನ್ನು ಕಿಟಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ಕಂಪ್ಯೂಟರಿನ ಕಡತವನ್ನು ಯಾವ ಕಿಟಕಿಗೆ ಹಿಡಿದರೂ ಏನೂ ಕಾಣುವುದಿಲ್ಲ. ನಾಳೆ ಇನ್ನೂ ಒಳ್ಳೆಯ ಯಂತ್ರ ಬಂದು ನೆರಳಿನಲ್ಲಿ ಇನ್ನೊಬ್ಬರನ್ನು ಕಾಣಿಸಬಹುದು. ಹುಳಿ ವಾಸನೆ ಬಂದವನ್ನು ಬೇರೆ ಮಾಡಿ, ಉಳಿದವನ್ನು ಕಾಗದದ ಲಕೋಟೆಗಳಲ್ಲಿ ತಂಪಾದ ಒಣ ಜಾಗದಲ್ಲಿಟ್ಟರೆ ಅವುಗಳ ಆಯುಸ್ಸು ಹೆಚ್ಚುತ್ತದೆ. ಪ್ರತಿಗಳನ್ನೂ ಒಂದೇ ಕಡೆ ಇಡಬಾರದು. ಮೈಸೂರು ಸೀಮೆಯ ರಾಂಪುರದ ಬಗ್ಗೆ ಎಂ.ಎನ್. ಶ್ರೀನಿವಾಸ್ ಅವರು 18 ವರ್ಷಗಳಿಂದ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಒಂದೇ ಬೆಂಕಿಗೆ ಸಿಕ್ಕಿದವು. ಅವರು ನೆನಪಿನಿಂದಲೇ ಬರೆದು 1976ರಲ್ಲಿ ಒಂದು ದೊಡ್ಡ ಗ್ರಂಥವನ್ನು ಕೊಟ್ಟರು. ಎಲ್ಲರಿಗೂ ಶ್ರೀನಿವಾಸರ ನೆನಪಿಲ್ಲ. ನಮ್ಮಂಥವರು ಒಂದು ಪ್ರತಿಯನ್ನು ತಂಗಿಯ ಮನೆಯಲ್ಲಿಡುವುದು ಲೇಸು.

ಹಾಗಾದರೆ ಯಾವ ಸ್ಕ್ಯಾನರ್ ಆಯಿತು ಎಂದು ವಾಚಕರು ಕೇಳಬಹುದು. ಸ್ಟುಡಿಯೋದ ದೊಡ್ಡ ನೆಗೆಟಿವ್‌ಗಳಿಗೆ ಚಪ್ಪಟೆಯದೇ ಸಾಕು. ನೆಗೆಟಿವ್ ದೊಡ್ಡದಾದ್ದರಿಂದ ಅಂಗುಲಕ್ಕೆ 2400 ಚುಕ್ಕೆಯೇ ಧಾರಾಳ. ಸ್ಲೈಡುಗಳಿಗೆ ನೆರಳನ್ನು ಕಾಣುವ ಫಿಲ್ಮ್ ಸ್ಕ್ಯಾನರ್. ಕಪ್ಪು ಬಿಳುಪಿಗೆ ಧೂಳು ಅಳಿಸುವ ಏರ್ಪಾಡು ಬಂದ್. ಅದರ ಬದಲು ಮೆತ್ತನೆಯ ಕುಂಚ, ಕೈ, ತಾಳ್ಮೆ. ತಾನಾಗಿ ತಿದ್ದುವ ಗುಂಡಿಗಳೆಲ್ಲ ಬಂದ್. ಒಂದೊಂದು ಕಡತದ ಜೊತೆಗೂ ಹಳೆಯ ಬರೆಹಗಾರರಂತೆ ಎರಡು ಸಾಲು ಬರೆದಿಡುತ್ತಿದ್ದೇನೆ: ಯಾವ ಯಂತ್ರದಲ್ಲಿ ಓದಿಸಿದ್ದು, ಏನನ್ನು ಮುಟ್ಟಲಿಲ್ಲ, ಯಾರ ಗುರುತು ಸಿಕ್ಕಿತು, ಯಾರದು ಇನ್ನೂ ಸಿಕ್ಕಿಲ್ಲ. ಬಾಗಿಲ ನೆರಳಿನಲ್ಲಿ ನಿಂತ ಹೆಂಗಸಿನ ಹೆಸರಿನ ಜಾಗ ಸದ್ಯಕ್ಕೆ ಖಾಲಿ ಇದೆ. ಅಲ್ಲಿ 'ಸೋಲಿಗ ಮಹಿಳೆ' ಎಂದು ತುಂಬಿಸಿ ಮುಗಿಸಬಹುದಾಗಿತ್ತು. ಹೆಸರೇ ತಿಳಿಯುವವರೆಗೆ ಅದನ್ನು ಖಾಲಿಯಾಗಿಯೇ ಇಟ್ಟಿದ್ದೇನೆ.